ಕಂಬಕ್ಕೆ ಒಡೆದ ಕಾಯಿ

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ಇದನ್ನು ನಮ್ಮ ಮನೆಯವರು ಬಂದ ನೆಂಟರಿಗೆಲ್ಲ ಟೀ ಕೊಡುವ ಮೊದಲೇ ಹೇಳಿಬಿಡುತ್ತಾರೆ. ಹರಪನಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕಿ, ಊರವರ ಬಾಯಲ್ಲಿ ಪಿ.ಟಿ. ಮೇಡಂ. ಶಾಲಾ ಕ್ರೀಡಾಕೂಟಗಳು ಶುರುವಾದವೆಂದರೆ ಅಡುಗೆ ಮನೆ, ಮದುವೆ ಕರೆಯೋಲೆ, ಹಬ್ಬದ ಸಾಮಾನು ಯಾವುದೂ ನನ್ನ ತಲೆಯಲ್ಲಿ ಉಳಿಯುವುದಿಲ್ಲ. ಖೋ ಖೋ ರೆಫರಿಯಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಎಂದು ಬಸ್ಸು ಹತ್ತುವುದು ಇಳಿಯುವುದು ಇಷ್ಟೇ ಕೆಲಸ. ಹಡಗಲಿ ಕಡೆಯ ಎರೆಮಣ್ಣು ಒಂದು ಮಳೆ ಬಿದ್ದರೆ ಕಾಲು ಬಿಡುವುದಿಲ್ಲ. ಕೂಡ್ಲಿಗಿ ಕಡೆಯ ಕೆಂಪು ಗರಸುಮಣ್ಣು ಮೊಣಕಾಲಿನ ತೊಗಲು ಉಳಿಸುವುದಿಲ್ಲ. ಎರಡನ್ನೂ ಬೈಯುತ್ತೇನೆ, ಎರಡನ್ನೂ ಬಿಟ್ಟಿರಲಾರೆ.

ಆಟಗಾರ್ತಿಯರ ಮೈಮೇಲೆ ಗಟ್ಟಿ ಒಡವೆ ಇರಬಾರದು, ಉಗುರು ಬೆಳೆದಿರಬಾರದು, ಅಂಕಣದಲ್ಲಿ ಚುಚ್ಚುವಂಥದ್ದು ಏನೂ ಇರಬಾರದು. ಓದಿದರೆ ಮೂರು ಮಾತು. ಪಾಲಿಸಹೋದರೆ ಮೂರು ಸಂಜೆಯ ಜಗಳ. ಹುಡುಗಿಯರು ಸೇಫ್ಟಿ ಪಿನ್ನನ್ನು ಎಲ್ಲೆಲ್ಲಿ ಬಚ್ಚಿಡುತ್ತಾರೆ ಎಂಬ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಸುತ್ತಿನಲ್ಲಿ ಇಲ್ಲ. ಲಂಗದ ಮಡಿಕೆಯಲ್ಲಿ, ಜಡೆಯೊಳಗೆ, ಟೀ ಶರ್ಟಿನ ಒಳಮಗ್ಗುಲಲ್ಲಿ. ಬಳೆ ಬಿಚ್ಚಿಸಿದರೆ ತಾಯಂದಿರು ಎದ್ದು ಬರುತ್ತಾರೆ, ಹೆಣ್ಣುಮಗಳನ್ನು ಬೋಳುಗೈಲಿ ಆಡಿಸುತ್ತೀರಾ ಎಂದು. ಅದಕ್ಕೇ ನನ್ನ ಚೀಲದಲ್ಲಿ ಯಾವಾಗಲೂ ಅರಿಶಿನ ಹಚ್ಚಿದ ನೂಲಿನ ಉಂಡೆ ಇರುತ್ತದೆ. ಬಳೆ ಬಿಚ್ಚಿದ ಕೈಗೆ ಅದನ್ನು ಕಟ್ಟಿಬಿಟ್ಟರೆ ತಾಯಿಗೂ ಸಮಾಧಾನ, ನಿಯಮಕ್ಕೂ ಸಮಾಧಾನ.

ರೆಫರಿ ತರಬೇತಿಯಲ್ಲಿ ನಮಗೆ ಪಾಠ ಹೇಳಿದ ಹಿರಿಯರೊಬ್ಬರು ಕೊನೆಯ ದಿನ ಹೊಣೆಗಾರಿಕೆಯ ಬಗ್ಗೆ ಮಾತಾಡಿದ್ದರು. ಪೊಲೀಸು, ಕೋರ್ಟು, ಪರಿಹಾರ ಎಂದು ಬಹಳ ಹೇಳಿದರು, ಅರ್ಧ ಮರೆತಿದ್ದೇನೆ. ಮರೆಯದೇ ಉಳಿದದ್ದು ಒಂದೇ. ಸೀಟಿ ಊದುವ ತನಕ ಅಂಕಣದ ಹೊಣೆ ಊರಿನವರೆಲ್ಲರದ್ದು, ಊದಿದ ಮೇಲೆ ಊದಿದವಳದ್ದು ಎಂದಿದ್ದರು. ಆಮೇಲೆ, ಕಣ್ಣು ಕಳಕೊಂಡ ಹುಡುಗಿಯ ತಾಯಿಯ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುತ್ತೀರಿ ಎಂದು ಕೇಳಿದಾಗ, ಆ ತನಕ ಆಕಳಿಸುತ್ತಿದ್ದ ನಾವೆಲ್ಲ ನೆಟ್ಟಗೆ ಕೂತಿದ್ದೆವು.

ಈಗ ಹೇಳಹೊರಟಿರುವುದು ಕಾನಹೊಸಹಳ್ಳಿ ಹತ್ತಿರದ ಒಂದು ಮೈದಾನದಲ್ಲಿ ನಡೆದ ಸಂಗತಿ. ಕೂಡ್ಲಿಗಿ ತಾಲ್ಲೂಕು ಮಟ್ಟದ ಹೈಸ್ಕೂಲು ಹುಡುಗಿಯರ ಖೋ ಖೋ ಫೈನಲ್. ಬೇರೆ ತಾಲ್ಲೂಕಿನವಳಾದರೆ ಯಾರ ಕಡೆಗೂ ವಾಲುವುದಿಲ್ಲ ಎಂದು ನನ್ನನ್ನು ಕರೆಸಿದ್ದರು. ಜನ ಕಡಿಮೆಯಿದ್ದುದರಿಂದ ನಾನೇ ರೆಫರಿ, ಒಂದು ಬದಿಗೆ ನಾನೇ ಅಂಪೈರ್. ಒಂದು ಕಡೆ ಆ ಹೋಬಳಿಯದೇ ಒಂದು ಹಳ್ಳಿಯ ತಂಡ, ಇನ್ನೊಂದು ಕಡೆ ಕೂಡ್ಲಿಗಿ ಪಟ್ಟಣದ ತಂಡ. ಹೈವೇ ಪಕ್ಕದ ಮೈದಾನವಾದ್ದರಿಂದ ಲಾರಿ ನಿಲ್ಲಿಸಿ ಇಳಿದು ಬಂದ ಡ್ರೈವರುಗಳು ಕೂಡ ಜನರ ನಡುವೆ ಸೇರಿಕೊಂಡಿದ್ದರು. ಬೆಳಗಿನಿಂದ ಪಂದ್ಯ ನೋಡಿ ನೋಡಿ ಎಲ್ಲರ ದನಿ ಆಗಲೇ ಅರ್ಧ ಒಡೆದಿತ್ತು.

ಅಂಕಣ ನೋಡಿ ಬೆಳಗ್ಗೆ ನಾನು ಕುಣಿಯುವುದೊಂದು ಬಾಕಿ. ಊರವರು ಕೆರೆಯ ಮಣ್ಣು ತಂದು, ಜರಡಿ ಹಿಡಿದು, ದಪ್ಪಗೆ ಹಾಸಿ, ನೀರು ಚಿಮುಕಿಸಿ ಮೆತ್ತಗೆ ಮಾಡಿದ್ದರು. ಹಳ್ಳಿಯ ಹುಡುಗಿಯರು ಬರಿಗಾಲಲ್ಲಿ ಆಡುವವರು, ಬಿದ್ದರೂ ತರಚುವುದಿಲ್ಲ. ಇಂಥ ಅಂಕಣ ಐದು ತಾಲ್ಲೂಕಿನಲ್ಲಿ ಕಂಡಿಲ್ಲ ಎಂದು ಮೈಕಿನಲ್ಲೇ ಹೊಗಳಿದ್ದೆ. ಸಂಜೆ ಅದೇ ಮೆತ್ತನೆಯ ಮಣ್ಣು ನನ್ನ ಜೀವ ತಿಂದಿತು.

ಹಳ್ಳಿ ತಂಡದ ಕ್ಯಾಪ್ಟನ್ ಕುರಿ ಸಾಕುವ ಮನೆಯ ಹುಡುಗಿ. ಕಡ್ಡಿಯಂಥ ಮೈ, ಓಡಿದರೆ ಕಣ್ಣು ಹಿಂದೆ ಉಳಿಯುತ್ತಿತ್ತು. ಕಂಬದ ಹತ್ತಿರ ಎದುರಾಳಿ ಇನ್ನೇನು ತಪ್ಪಿಸಿಕೊಂಡಳು ಎನ್ನುವಾಗ ಇವಳು ಉದ್ದಕ್ಕೆ ಗಾಳಿಯಲ್ಲಿ ಹಾರಿ, ಕಂಬದಾಚೆ ನೆಲಕ್ಕೆ ಬೀಳುತ್ತ ಮುಟ್ಟಿಬಿಡುತ್ತಿದ್ದಳು. ಸೆಮಿಫೈನಲ್ಲಿನಲ್ಲಿ ಹಾಗೆ ಹಾರಿದಾಗ ನಾನು ರೆಫರಿ ಎಂಬುದನ್ನು ಮರೆತು 'ಅಬ್ಬಾ' ಎಂದಿದ್ದೆ. ಮುಂದಿನ ವರ್ಷ ಅವಳ ವಯಸ್ಸು ಈ ಗುಂಪು ದಾಟುತ್ತಿತ್ತು. ಈ ಸಲ ಗೆದ್ದರೆ ಜಿಲ್ಲಾ ಮಟ್ಟ, ಅಲ್ಲಿಗೆ ಕ್ರೀಡಾ ಹಾಸ್ಟೆಲಿಗೆ ಮಕ್ಕಳನ್ನು ಆರಿಸುವವರು ಬರುತ್ತಾರೆ. ಗೆಲ್ಲದಿದ್ದರೆ ಅವಳ ಆಟ ಆ ಮೈದಾನಕ್ಕೇ ಮುಗಿದಂತೆ. ಇದನ್ನು ನನಗೆ ಹೇಳಿದ್ದು ಅವಳ ಅಪ್ಪ, ಊಟದ ಹೊತ್ತಿನಲ್ಲಿ, ನಾನು ಕೇಳದೇ ಇದ್ದರೂ. ಹೆಗಲ ಮೇಲೆ ಕಂಬಳಿ, ತಲೆಗೆ ವಸ್ತ್ರ, ಬೆಳಗಿನಿಂದ ಒಂದೇ ಜಾಗದಲ್ಲಿ, ಕಂಬದ ನೇರಕ್ಕೆ ಗೆರೆಯಾಚೆ ನಿಂತಿದ್ದ. ಮಗಳು ಓಡಿದಾಗಲೆಲ್ಲ ಅವನ ಕಾಲುಗಳೂ ನಿಂತಲ್ಲೇ ಓಡುತ್ತಿದ್ದವು.

ಫೈನಲ್ ಶುರುವಾಗುವ ಹೊತ್ತಿಗೆ ಆಗಲೇ ತಡವಾಗಿತ್ತು. ಮೈದಾನಕ್ಕೆ ಲೈಟಿಲ್ಲ. ಮರುದಿನ ಮಕ್ಕಳಿಗೆ ಪರೀಕ್ಷೆ, ಹಾಗಾಗಿ ಅವತ್ತೇ ಮುಗಿಯಬೇಕು. ಬೆಳಕು ಹೋಗಿ ಆಟ ನಿಂತರೆ ಚೀಟಿ ಎತ್ತಿ ಗೆದ್ದವರನ್ನು ಘೋಷಿಸುವುದೆಂದು ಕೂಟದ ಸಂಚಾಲಕರಾದ ಹೆಡ್ಮಾಸ್ಟರು ಎರಡೂ ತಂಡಕ್ಕೆ ಮೊದಲೇ ಹೇಳಿದ್ದರು. ನಾನು ಮೇಜಿನ ಹತ್ತಿರ ಪಟ್ಟಣದ ಹುಡುಗಿಯರ ಉಗುರು ನೋಡುತ್ತಿದ್ದೆ. ಒಬ್ಬಳ ಹೆಬ್ಬೆರಳಿಗೆ ನೇಲ್ ಕಟರ್ ಹಾಕಿದ್ದೇ ತಡ, ಹಿಂದಿನಿಂದ ಫಟ್ ಎಂದು ಸದ್ದಾಯಿತು. ಜನ ಹೋ ಎಂದರು.

ತಿರುಗಿ ನೋಡಿದರೆ ಕ್ಯಾಪ್ಟನ್ನಿನ ಅಪ್ಪ ಕಂಬದ ಮುಂದೆ ಕೈಮುಗಿದು ನಿಂತಿದ್ದಾನೆ. ಕಂಬಕ್ಕೆ ಬಂಡಾರದ ಅರಿಶಿನ ಬಳಿದಿದೆ, ಬುಡದಲ್ಲಿ ಕರ್ಪೂರ ಉರಿಯುತ್ತಿದೆ, ಊದುಬತ್ತಿ ಮಣ್ಣಿನಲ್ಲಿ ಚುಚ್ಚಿದೆ. ತೆಂಗಿನಕಾಯಿ ಎಲ್ಲಿ? ಎಲ್ಲೆಲ್ಲೂ. ಮನೆದೇವರನ್ನು ನೆನೆದು, ತೋಳಿನಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ, ಕಾಯಿಯನ್ನು ಕಂಬಕ್ಕೇ ಬೀಸಿ ಒಡೆದಿದ್ದ. ನಮ್ಮ ಕಡೆ ಹೊಸ ಟ್ರ್ಯಾಕ್ಟರಿಗೂ ಕಾಯಿ ಒಡೆಯುತ್ತಾರೆ, ಬೋರ್‌ವೆಲ್ ಕೊರೆಯುವ ಲಾರಿಗೂ ಒಡೆಯುತ್ತಾರೆ. ಮಗಳ ಭಾಗ್ಯ ಕಂಬದಲ್ಲಿದೆ ಎಂದ ಮೇಲೆ ಕಂಬಕ್ಕೆ ಒಡೆಯುವುದು ಅವನಿಗೆ ಸಹಜವಾಗಿಯೇ ಕಂಡಿತ್ತು.

"ಒಂದ ಪೆಟ್ಟಿಗೆ ಪುಡಿಪುಡಿ ಆತ್ ನೋಡ್ರಿ ಮೇಡಂ," ಎಂದ, ಮುಖವೆಲ್ಲ ನಗು. "ಇನ್ನೇನು, ಗೆದ್ದಂಗ."

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಜನರನ್ನು ನಾನು ಬಹಳ ನೋಡಿದ್ದೇನೆ. ಕುಲಾವಿಯಲ್ಲೇ ಸೂಜಿ ಬಿಟ್ಟವನನ್ನು ನೋಡಿದ್ದು ಅವತ್ತೇ. ಒಡೆದ ಚಿಪ್ಪಿನ ಅಂಚು ಬ್ಲೇಡಿಗಿಂತ ಕಡಿಮೆಯಲ್ಲ. ಮೆತ್ತನೆಯ ಮಣ್ಣಿನಲ್ಲಿ ಹೂತುಕೊಂಡರೆ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಬರಿಗಾಲು ಓಡಬೇಕು, ಅದರ ಮೇಲೆ ಹುಡುಗಿಯರು ಮುಖ ಅಡಿಯಾಗಿ ಹಾರಿ ಬೀಳಬೇಕು. ನನಗೆ ಸಿಟ್ಟು ನೆತ್ತಿಗೇರಿತು. ಅವನನ್ನು ಬೈದೆ, ತಡೆಯದೇ ನಿಂತು ನೋಡಿದವರನ್ನು ಬೈದೆ, ಬೆನ್ನು ತಿರುಗಿಸಿ ಕೂತಿದ್ದ ನನ್ನನ್ನೂ ಬೈದುಕೊಂಡೆ. ಆಮೇಲೆ ಮೈಕು ಕಿತ್ತುಕೊಂಡು, ಅಂಕಣ ಚೊಕ್ಕಟವಾಗುವ ತನಕ ಆಟ ಶುರುವಾಗುವುದಿಲ್ಲ ಎಂದು ಹೇಳಿದೆ.

ಹೆಡ್ಮಾಸ್ಟರು ಓಡಿ ಬಂದರು. ಪಾಪ, ಆರಕ್ಕೇರದ ಮೂರಕ್ಕಿಳಿಯದ ಮನುಷ್ಯ. ಎರಡು ಸಲ ಬಾರಿಗೆಯಿಂದ ಕಸ ಹೊಡೆಸಿ ಶುರು ಮಾಡಿ ಮೇಡಂ, ಏನಾದರೂ ಆದರೆ ನಾನು ಹೊಣೆ ಎಂದರು. ಹಾಗಾದರೆ ಅದನ್ನೇ ಮೈಕಿನಲ್ಲಿ ಹೇಳಿಬಿಡಿ ಸರ್, ಎಲ್ಲ ತಂದೆತಾಯಿ ಕೇಳಿಸಿಕೊಳ್ಳಲಿ ಎಂದು ಮೈಕು ಅವರ ಕೈಗೆ ಕೊಟ್ಟೆ. ಅವರು ಮೈಕನ್ನು ಒಮ್ಮೆ, ಸೇರಿದ್ದ ಜನರನ್ನು ಒಮ್ಮೆ ನೋಡಿದರು. ಆಮೇಲೆ ಹಲೋ ಹಲೋ ಎಂದು ಪರೀಕ್ಷೆ ಮಾಡಿ, ಬಾರಿಗೆ ತರಲು ಹೇಳಿ ಕೆಳಗಿಟ್ಟರು.

ಬಾರಿಗೆ ಹೊಡೆದರೆ ಚೂರುಗಳು ಮೇಲೆ ಬರುವ ಬದಲು ಮಣ್ಣಿನೊಳಗೆ ಇಳಿಯುತ್ತಿದ್ದವು. ಕಂಬ ಕಿತ್ತು ಬೇರೆ ಕಡೆ ನೆಡೋಣ ಎಂದರೆ ಮೈದಾನದ ಉಳಿದ ಭಾಗವೆಲ್ಲ ಗರಸು ಮತ್ತು ಜಾಲಿಮುಳ್ಳು. ಕೈಯಿಂದ ಆರಿಸುವುದೊಂದೇ ದಾರಿ. ಆದರೆ ಎಲ್ಲ ಚೂರೂ ಸಿಕ್ಕಿತೆಂದು ತಿಳಿಯುವುದು ಹೇಗೆ? ನನಗೆ ಆಗ ಹೊಳೆಯಿತು. ಕಾಯಿಯನ್ನು ಮತ್ತೆ ಕೂಡಿಸಬೇಕು. ಇಡೀ ಚಿಪ್ಪು ತಯಾರಾದರೆ ಅಂಕಣದಲ್ಲಿ ಏನೂ ಉಳಿದಿಲ್ಲ ಎಂದರ್ಥ. ಸ್ಕೋರರ್ ಮೇಜಿನ ಮೇಲಿದ್ದುದನ್ನೆಲ್ಲ ಪಕ್ಕಕ್ಕೆ ತಳ್ಳಿ, ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಪ್ಲಾಸ್ಟರ್ ತೆಗೆದುಕೊಂಡು ಕೂತೆ.

ಕೂತ ಮೇಲೆ ಗೊತ್ತಾಯಿತು, ಅರ್ಧ ಕಾಯಿ ಆಗಲೇ ಜನರ ಹೊಟ್ಟೆ ಸೇರಿದೆ ಎಂದು. ಪ್ರಸಾದ ಎಂದು ಕೈಗೆ ಸಿಕ್ಕಿದ ಹೋಳನ್ನು ಎತ್ತಿಕೊಂಡು ತಿಂದಿದ್ದರು. ಕೊಬ್ಬರಿ ತಿಂದವರು ಚಿಪ್ಪು ವಾಪಸ್ ತಂದುಕೊಡಬೇಕೆಂದು ಮೈಕಿನಲ್ಲಿ ಕೂಗಿದೆ. ಮೈದಾನವೆಲ್ಲ ನಕ್ಕಿತು, ಆದರೂ ತಂದರು. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಮೊಮ್ಮಗನಿಗೆಂದು ಇಟ್ಟಿದ್ದೆ ಎನ್ನುತ್ತ ಕೊಟ್ಟಳು. ಒಬ್ಬ ಲಾರಿ ಡ್ರೈವರ್ ಬಾಯಿಂದ ತೆಗೆದು, ಪ್ಯಾಂಟಿಗೆ ಒರೆಸಿ, ಮರ್ಯಾದೆಯಿಂದ ಎರಡೂ ಕೈಯಲ್ಲಿ ಕೊಟ್ಟ. ಯಾರೋ ತಂದ ಎರಡು ಹೋಳು ಎಲ್ಲಿಟ್ಟರೂ ಕೂಡಲಿಲ್ಲ. ಅವು ಬೆಳಗಿನ ಉದ್ಘಾಟನೆಗೆ ವೇದಿಕೆಯ ಹತ್ತಿರ ಒಡೆದ ಬೇರೆಯೇ ಕಾಯಿಯ ಹೋಳುಗಳು. ಇತ್ತ ಅಂಕಣದಲ್ಲಿ ಎರಡೂ ಊರಿನವರು ಮೊಣಕಾಲೂರಿ ಮಣ್ಣು ಜಾಲಾಡುತ್ತಿದ್ದರು, ಸಿಕ್ಕ ಚೂರನ್ನು ಹಿಡಿದು ಓಡಿ ಬರುತ್ತಿದ್ದರು. ಪ್ರತಿ ಚೂರು ಸರಿಯಾಗಿ ಕೂತಾಗಲೂ ಮೇಜಿನ ಸುತ್ತ ನಿಂತವರು ಔಟ್ ಸಿಕ್ಕಿದಂತೆ ಕೂಗುತ್ತಿದ್ದರು. ಸಿಟ್ಟು ಯಾವಾಗ ಇಳಿಯಿತೋ ತಿಳಿಯಲಿಲ್ಲ, ನಾನೂ ಅವರ ಜೊತೆ ಕೂಗುತ್ತಿದ್ದೆ. ಅಷ್ಟು ಖುಷಿ ನನಗೆ ಎಷ್ಟೋ ಪಂದ್ಯಗಳಲ್ಲಿ ಸಿಕ್ಕಿಲ್ಲ.

ಕೊನೆಗೆ ಪ್ಲಾಸ್ಟರ್ ಸುತ್ತಿದ ಕಾಯಿ ನನ್ನ ಕೈಯಲ್ಲಿ ನಿಂತಿತು. ಮೂರು ಕಣ್ಣು ಮೇಲೆ, ಜುಟ್ಟಿಲ್ಲ. ಪಕ್ಕದಲ್ಲಿ ಮಾತ್ರ ಒಂದು ಕಿಂಡಿ ಉಳಿದಿತ್ತು, ಹುಣಸೆ ಬೀಜಕ್ಕಿಂತ ಸ್ವಲ್ಪ ಉದ್ದ, ಒಂದು ತುದಿ ಚೂಪು. ಆ ಚೂರು ಮೇಜಿನ ಮೇಲಿರಲಿಲ್ಲ. ಯಾರ ಸೆರಗಿನಲ್ಲೂ ಇರಲಿಲ್ಲ.

ಮತ್ತೆ ಹುಡುಕಿದರು. ಸಿಗಲಿಲ್ಲ. ಬಿಸಿಲು ಹೈವೇ ಆಚೆಯ ಗುಡ್ಡಕ್ಕೆ ಹತ್ತಿತ್ತು. ಜನರ ನಗು ನಿಧಾನವಾಗಿ ಗೊಣಗಾಟವಾಯಿತು. ಇಷ್ಟು ಸಿಕ್ಕಿದೆಯಲ್ಲ, ಒಂದು ಚೂರಿಗೆ ಏನಾಗುತ್ತದೆ ಎಂದು ಒಬ್ಬರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎಂದು ಇನ್ನೊಬ್ಬರು, ನನಗೆ ಕೇಳಿಸಲೆಂದೇ. ಕ್ಯಾಪ್ಟನ್ನಿನ ಅಪ್ಪ ಮುಂದೆ ಬಂದ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ.

"ದೇವ್ರಿಗೆ ಒಡದ ಕಾಯಿ ಯಾರಿಗೂ ಚುಚ್ಚಂಗಿಲ್ರಿ ಮೇಡಂ. ಅಂವ ನೋಡ್ಕೊಂತಾನ. ಶುರು ಮಾಡ್ರಿ."

"ದೇವ್ರ ಕೈಯಾಗ ಸೀಟಿ ಕೊಟ್ಟಿಲ್ರಿ ಯಜಮಾನ್ರ," ಎಂದೆ. "ನನ್ನ ಕೈಯಾಗ ಕೊಟ್ಟಾರ."

ಅಷ್ಟರಲ್ಲಿ ಅವನ ಹಿಂದಿನಿಂದ ಮಗಳು ಬಂದಳು. ಅಷ್ಟು ಹೊತ್ತೂ ಅವಳು ತನ್ನ ತಂಡವನ್ನು ಕೂರಿಸಿಕೊಂಡು ಕಾಲು ತಿಕ್ಕಿಕೊಳ್ಳುತ್ತಿದ್ದಳು, ತಣ್ಣಗಾಗದಿರಲಿ ಎಂದು. ನನ್ನ ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಗದ್ದಲವಿಲ್ಲದೆ ಮಾತಾಡಿದಳು.

"ಚೀಟಿ ಎತ್ತಿದ್ರ ನಮ್ದು ಬರ್ತೈತೋ ಇಲ್ಲೋ ಯಾರಿಗೆ ಗೊತ್ರಿ. ಆಡಿದ್ರ ಗೆಲ್ತೀವಿ. ನನಗೇನೂ ಆಗಂಗಿಲ್ಲ ಮೇಡಂ, ಊದ್ರಿ."

ಯಾರ ಮಾತೂ ಅಲ್ಲಾಡಿಸದ ನನ್ನನ್ನು ಅವಳ ಮಾತು ಅಲ್ಲಾಡಿಸಿತು. ಅವಳು ಹೇಳಿದ್ದು ಸರಿಯಾಗಿತ್ತು. ಅವಳನ್ನು ಕಾಪಾಡುತ್ತೇನೆ ಎಂದು ನಿಂತವಳು ನಾನು, ಅವಳ ಕೈಯಿಂದ ಆಟ ಕಸಿದುಕೊಳ್ಳುತ್ತಿದ್ದವಳೂ ನಾನೇ. ಸೀಟಿಗೆ ಕೈ ಹೋಯಿತು. ಅಷ್ಟರಲ್ಲಿ ಅವಳ ಪಾದ ನೋಡಿದೆ. ಬರಿಗಾಲು, ಹೆಬ್ಬೆರಳಿನ ಮೇಲೆ ಹಳೆಯ ಗಾಯದ ಕಲೆ. ಪಾದವಾದರೂ ಹೊಲಿಗೆ ಹಾಕಿದರೆ ಮಾಯುತ್ತದೆ, ಅವಳು ಮುಖ ಮುಂದೆ ಮಾಡಿ ಹಾರುವವಳು. ಕೈ ಕೆಳಗಿಳಿಸಿದೆ. ಆಗುವುದಿಲ್ಲ ಕಂದಾ ಎಂದೆ. ಅವಳು ತುಟಿ ಕಚ್ಚಿಕೊಂಡು ತಿರುಗಿ ಹೋದಳು. ಹೆಡ್ಮಾಸ್ಟರು ಚೀಟಿ ಬರೆಯಲು ಪೆನ್ನು ಕೇಳಿದ್ದು ನನಗೆ ಕೇಳಿಸಿತು.

ಅಪ್ಪನಿಗೂ ಕೇಳಿಸಿತು. ಅವನು ಪೆನ್ನು ಕೊಡುವವರನ್ನು ನೋಡಿದ, ಮಗಳನ್ನು ನೋಡಿದ, ಕಂಬ ನೋಡಿದ. ಆಮೇಲೆ ಹೆಗಲ ಕಂಬಳಿ ತೆಗೆದು ಗೆರೆಯಾಚೆ ಮಡಚಿಟ್ಟ. ಚಪ್ಪಲಿ ಬಿಟ್ಟ. ಅಂಗಿಯ ಗುಂಡಿ ಬಿಚ್ಚತೊಡಗಿದ. ಜಗಳಕ್ಕೆ ನಿಂತನೆಂದುಕೊಂಡು ನಾನೂ ಸೊಂಟಕ್ಕೆ ದುಪಟ್ಟಾ ಬಿಗಿದೆ.

"ನಾ ಒಡದ ಕಾಯಿ ನನ್ನ ಮಗಳ ಆಟ ತಿನ್ನಾಕ ಹತ್ತೈತ್ರಿ," ಎಂದ. "ಬಾರಿಗಿಗೆ ಸಿಗದಿದ್ದು ಮೈಗೆ ಸಿಗ್ತೈತಿ. ಉರುಳ್ತೀನಿ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ, ಬೇಕಾದರೆ ಬರಿಗಾಲಲ್ಲಿ ನಡೆದು ನೋಡಿ, ಉರುಳುವುದೆಲ್ಲ ಬೇಡ ಎಂದೆ. ಅವನು ಅಂಗಾಲು ಎತ್ತಿ ತೋರಿಸಿದ. ಕುರಿಗಳ ಹಿಂದೆ ಅಲೆದು ಅಲೆದು ಬಿರುಕುಬಿಟ್ಟ, ಚರ್ಮವೋ ಚಪ್ಪಲಿಯೋ ತಿಳಿಯದ ಅಂಗಾಲು. ಕಾಲಿಗೆ ಮುಳ್ಳು ಮುರಿದರೂ ತಿಳಿಯುವುದಿಲ್ಲ, ಬೆನ್ನು ಹಾಗಲ್ಲ, ಅಂಗಿ ಒಳಗೆ ಇದ್ದದ್ದು ಎಂದ. ನಿಮಗೆ ಚುಚ್ಚಿದರೆ ಅದಕ್ಕೂ ನಾನೇ ಉತ್ತರ ಕೊಡಬೇಕು ಎಂದು ನಾನು ಗದರಿದೆ.

"ಚುಚ್ಚಲಿ ಅಂತನ ಅಲ್ರಿ ಉರುಳಾದು?"

ನಿಯಮದ ಪುಸ್ತಕದಲ್ಲಿ ಆಟಗಾರರ ಬಗ್ಗೆ ಇತ್ತು, ಅಂಕಣದ ಬಗ್ಗೆ ಇತ್ತು, ನೋಡಲು ಬಂದ ತಂದೆ ಉರುಳುಸೇವೆ ಮಾಡಬಾರದು ಎಂದು ಎಲ್ಲೂ ಇರಲಿಲ್ಲ. ಹರಕೆ ಹೊತ್ತವರು ಗುಡಿಯ ಸುತ್ತ ಉರುಳುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಖೋ ಖೋ ಅಂಕಣದಲ್ಲಿ ಉರುಳಿದ್ದನ್ನು ನೋಡಿರಲಿಲ್ಲ. ಕಣ್ಣು, ಮುಖ ಮುಚ್ಚಿಕೊಳ್ಳಬೇಕು, ನಿಧಾನ ಉರುಳಬೇಕು, ಚುಚ್ಚಿದ ಕೂಡಲೇ ನಿಲ್ಲಬೇಕು ಎಂದು ಷರತ್ತು ಹಾಕಿದೆ. ಅವನು ತಲೆಯ ವಸ್ತ್ರ ಬಿಚ್ಚಿ ಮುಖಕ್ಕೆ ಸುತ್ತಿಕೊಂಡು, ಕಂಬದ ಬುಡದಲ್ಲಿ ಮಲಗಿದ.

ಮೊದಲ ಉರುಳಿಗೆ ಜನ ಬೆಪ್ಪಾಗಿ ನೋಡಿದರು. ಎರಡನೆಯದಕ್ಕೆ ಯಾರೋ ಅವನ ಮನೆದೇವರ ಹೆಸರು ಹೇಳಿ ಕೂಗಿದರು. ಆಮೇಲೆ ಆ ಮೈದಾನದಲ್ಲಿ ಎದ್ದ ಸದ್ದನ್ನು ಹೇಗೆ ಹೇಳಲಿ! ಡೊಳ್ಳಿರಲಿಲ್ಲ, ತಗಡಿನ ಡಬ್ಬಿ ಬಡಿದರು. ಸಂಬಂಧವೇ ಇಲ್ಲದ ಲಾರಿ ಡ್ರೈವರುಗಳು ಹೋಗಿ ಹಾರನ್ ಹೊಡೆದರು. ಅವನು ಒಬ್ಬನೇ ಉರುಳಿದರೆ ಕತ್ತಲಾಗುತ್ತದೆಂದು ಅವನ ಊರಿನ ಇಬ್ಬರು ಅಂಗಿ ಬಿಚ್ಚಿ ಪಕ್ಕದಲ್ಲಿ ಮಲಗಿದರು. ಅದನ್ನು ನೋಡಿ ಪಟ್ಟಣದ ತಂಡದ ಕಡೆಯಿಂದ ಒಬ್ಬ ತಂದೆ ಎದ್ದ. ಬಟ್ಟೆ ಅಂಗಡಿಯವನಂತೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಂಡತಿ ಬೇಡವೆನ್ನುತ್ತಿದ್ದರೂ ಬಿಚ್ಚಿ ಅವಳ ಕೈಗೆ ಕೊಟ್ಟು, ಕೊರಳಿನಲ್ಲಿದ್ದ ಲಿಂಗದ ಕರಡಿಗೆಯನ್ನು ಬೆನ್ನಿಗೂ ನೆಲಕ್ಕೂ ಸಿಗದಂತೆ ವಸ್ತ್ರದಲ್ಲಿ ತಲೆಗೆ ಕಟ್ಟಿಕೊಂಡು ಅವನೂ ಮಲಗಿದ. ನಮ್ಮ ಮಗಳೂ ಓಡುತ್ತಾಳಲ್ಲ ಅದೇ ಮಣ್ಣಿನ ಮೇಲೆ ಎಂದ. ಆ ಹೊತ್ತಿಗೆ ನನ್ನ ಮೈಯೆಲ್ಲ ನವಿರೆದ್ದು ನಿಂತಿತ್ತು. ಉರುಳುವವರ ಜೊತೆ ಜೊತೆಗೇ ಗೆರೆಗುಂಟ ನಡೆಯುತ್ತ, ಮೆಲ್ಲಗೆ ಮೆಲ್ಲಗೆ ಎಂದು ಕೂಗಿ ಕೂಗಿ ಗಂಟಲು ಹರಿದುಕೊಂಡೆ.

ಅಂಕಣದ ಉದ್ದಕ್ಕೂ ಹೋಗಿ ಬಂದರು, ಸಿಗಲಿಲ್ಲ. ಉಳಿದದ್ದು ಕಂಬದಾಚೆಯ ಪಟ್ಟಿ, ಹಾರಿದವರು ಬೀಳುವ ಜಾಗ. ಚೂರು ಅಷ್ಟು ದೂರ ಹೋಗಿರಲಿಕ್ಕಿಲ್ಲ ಎಂದು ಬೇರೆಯವರೆಲ್ಲ ಎದ್ದು ಮಣ್ಣು ಕೊಡವಿಕೊಂಡರು. ಅವನು ಮಾತ್ರ ಏಳಲಿಲ್ಲ, ಅತ್ತ ತಿರುಗಿ ಉರುಳಿದ. ಒಂದು ಸುತ್ತು, ಇನ್ನೊಂದು ಸುತ್ತು. ಮೂರನೆಯದರ ನಡುವೆ ಮಗ್ಗುಲಾದವನು ಹಾಗೇ ನಿಂತುಬಿಟ್ಟ. ವಸ್ತ್ರದೊಳಗಿನಿಂದ ಅವನ ದನಿ ಬಂತು.

"ಸಿಕ್ತ್ರಿ ಮೇಡಂ."

ಕಳೆದುಹೋದ ಮರಿ ಸಿಕ್ಕಿದ ದನಿ ಅದು. ಹೋಗಿ ನೋಡಿದರೆ ಎಡ ಹೆಗಲಿನ ಕೆಳಗೆ ಚೂರು ನೆಟ್ಟಗೆ ಚುಚ್ಚಿಕೊಂಡು ನಿಂತಿದೆ, ರಕ್ತ ಸಣ್ಣಗೆ ಇಳಿಯುತ್ತಿದೆ. ಕಿತ್ತು ತೆಗೆದೆ. ಅವನು ಹಾ ಎನ್ನಲಿಲ್ಲ, ಕೂಡಿಸಿ ನೋಡ್ರಿ ಎಂದ. ಮೇಜಿನ ಹತ್ತಿರ ಓಡಿ, ಚೂರನ್ನು ಕಿಂಡಿಗೆ ಇಟ್ಟೆ. ಚೂಪು ತುದಿ ಸಮೇತ ಸರಿಯಾಗಿ ಕೂತಿತು. ಕಾಯಿಯನ್ನು ಮೇಲೆತ್ತಿ ತೋರಿಸಿದೆ. ಕಪ್ಪು ಎತ್ತಿದಾಗಲೂ ಜನ ಹಾಗೆ ಕೂಗಿದ್ದನ್ನು ನಾನು ಕೇಳಿಲ್ಲ.

ಗಾಯ ತೊಳೆದು, ಔಷಧಿ ಹಚ್ಚಿ, ಹತ್ತಿ ಇಟ್ಟು ಪಟ್ಟಿ ಹಾಕಿದೆ. ಇಂಜೆಕ್ಷನ್ ಮಾಡಿಸಿಕೊಳ್ಳದೇ ಮನೆಗೆ ಹೋದರೆ ನಿಮ್ಮ ಮಗಳ ಕೈಲೇ ಆಸ್ಪತ್ರೆಗೆ ಎಳೆಸುತ್ತೇನೆ ಎಂದು ಹೆದರಿಸಿದೆ. ಮಗಳು ದೂರದಿಂದ ನೋಡುತ್ತಿದ್ದಳು, ಹತ್ತಿರ ಬರಲಿಲ್ಲ. ಬಂದರೆ ಅಳುತ್ತಿದ್ದಳೇನೋ. ಅಳುವುದಕ್ಕೆ ಹೊತ್ತಿರಲಿಲ್ಲ.

ಸೀಟಿ ಊದಿದೆ. ಆಟ ಶುರುವಾಯಿತು. ಅಂಥ ಆಟ! ಕಾದು ಕಾದು ಹುಡುಗಿಯರ ಕಾಲಿನಲ್ಲಿ ಬೆಂಕಿ ತುಂಬಿತ್ತು. ಪಟ್ಟಣದವರು ಸರಸರನೆ ಔಟ್ ಮಾಡಿದರು, ಹಳ್ಳಿಯವರು ಬಡ್ಡಿ ಸಮೇತ ತೀರಿಸಿದರು. ಇವರು ಒಂದು ಮುಂದೆ, ಅವರು ಒಂದು ಮುಂದೆ. ಬೆಳಕು ಕೆಂಪಾಗಿ, ಆಮೇಲೆ ಬೂದಿಯಾಯಿತು. ಸುಣ್ಣದ ಗೆರೆ ಕಾಣುವ ತನಕ ಆಡಿಸುತ್ತೇನೆ ಎಂದು ನಾನು ಟೈಮ್ ಕೀಪರಿಗೆ ಹೇಳಿದ್ದೆ. ಕೊನೆಯ ಸರದಿಯ ಕೊನೆಯ ನಿಮಿಷ ಬಂದಾಗ ಅಂಕ ಸಮವಾಗಿತ್ತು. ಹಳ್ಳಿಯವರು ಬೆನ್ನಟ್ಟುತ್ತಿದ್ದರು, ಪಟ್ಟಣದವರಲ್ಲಿ ಅಂಕಣದಲ್ಲಿ ಉಳಿದಿದ್ದವಳು ಒಬ್ಬಳೇ. ಅವಳಾದರೋ ಮೀನು, ಕೈಗೆ ಸಿಕ್ಕುವವಳಲ್ಲ. ಮೂರು ಸಲ ಖೋ ಬ‌ದಲಾಯಿತು, ಮೂರು ಸಲವೂ ಜಾರಿಕೊಂಡಳು.

ನಾಲ್ಕನೆಯ ಖೋ ಕ್ಯಾಪ್ಟನ್ನಿಗೆ ಬಂತು. ಅವಳು ಎದ್ದದ್ದು ಕಂಡೆ, ಎರಡು ಹೆಜ್ಜೆ ಕಂಡೆ. ಓಡುವವಳು ಕಂಬ ಸುತ್ತಿ ತಿರುಗಿದಳು. ಇವಳು ಹಾರಿದಳು. ಇಡೀ ಮೈ ಗಾಳಿಯಲ್ಲಿ, ಕೈ ಮುಂದೆ, ಮುಖ ನೆಲದ ಕಡೆಗೆ. ಬೆರಳು ಓಡುವವಳ ಹಿಮ್ಮಡಿಗೆ ತಾಗಿದ್ದು ನಾನು ಸ್ಪಷ್ಟವಾಗಿ ನೋಡಿದೆ. ಮರುಕ್ಷಣ ಅವಳು ಕಂಬದಾಚೆಯ ಪಟ್ಟಿಗೆ ಬಿದ್ದು, ಗಲ್ಲ ಮಣ್ಣಿಗೆ ಒತ್ತಿಕೊಂಡು ಉದ್ದಕ್ಕೆ ಜಾರಿದಳು. ಅವಳ ಅಪ್ಪನ ಬೆನ್ನಿನಿಂದ ನಾನು ಚೂರು ಕಿತ್ತ ಜಾಗದ ಮೇಲೆಯೇ ಜಾರಿದಳು. ಧೂಳೆದ್ದಿತು. ಅವಳು ಏಳಲಿಲ್ಲ.

ಚೂರು ಸಿಕ್ಕಿದೆ, ಚಿಪ್ಪು ಪೂರ್ತಿಯಾಗಿದೆ, ನಾನೇ ಕೈಯಾರೆ ಕೂಡಿಸಿದ್ದೇನೆ, ಎಲ್ಲ ಗೊತ್ತು. ಗೊತ್ತಿದ್ದರೂ ಕಾಲು ಕೀಳಲಿಲ್ಲ. ಗೆರೆ ದಾಟಿ ಓಡಿ ಬಂದವನು ಅವನು. ಹೆಗಲ ಹತ್ತಿರ ಅಂಗಿಗೆ ರಕ್ತದ ಕಲೆ ಹತ್ತಿತ್ತು. ಮಗಳ ಪಕ್ಕ ಮೊಣಕಾಲೂರಿ, ಎರಡೂ ಕೈಯಲ್ಲಿ ಅವಳ ಮುಖ ಎತ್ತಿ, ತಲೆಯ ವಸ್ತ್ರದ ತುದಿಯಿಂದ ಹಣೆ ಒರೆಸಿದ, ಕಣ್ಣು ಒರೆಸಿದ, ಗಲ್ಲ ಒರೆಸಿದ. ವಸ್ತ್ರದ ಕೆಳಗಿನಿಂದ ಏದುಸಿರು ಬಿಡುತ್ತ ಅವಳು ಕೇಳಿದಳು.

"ಬಿಡಪ್ಪ. ಮೇಡಂ ಔಟ್ ಕೊಟ್ರೇನು, ಅದನ್ನ ಹೇಳು."

ಆಗ ನನಗೆ ಎಚ್ಚರವಾಯಿತು. ನಾನು ಇನ್ನೂ ಊದಿಯೇ ಇರಲಿಲ್ಲ. ಊದಿದೆ, ಕೈ ಎತ್ತಿ ಔಟ್ ಕೊಟ್ಟೆ. ಮೈದಾನ ಕುಣಿಯಿತು, ಹಳ್ಳಿಯ ಹುಡುಗಿಯರು ಓಡಿ ಬಂದು ಅವಳ ಮೇಲೆ ಬಿದ್ದರು, ಹೈವೇಯಲ್ಲಿ ಮತ್ತೆ ಹಾರನ್ ಶುರುವಾಯಿತು. ಗೆದ್ದದ್ದು ಅವನಿಗೆ ಕೇಳಿಸಿತೋ ಇಲ್ಲವೋ. ಹುಡುಗಿಯರ ನಡುವೆ ಕೈ ತೂರಿಸಿ ಮಗಳ ಗಲ್ಲವನ್ನು ಇನ್ನೊಮ್ಮೆ ಒರೆಸಿ, ವಸ್ತ್ರವನ್ನು ಉಳಿದಿದ್ದ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಎದ್ದು ಅದನ್ನು ನನ್ನ ಹತ್ತಿರ ತಂದು ತೋರಿಸಿದ.

"ಮಣ್ಣರಿ ಮೇಡಂ," ಎಂದ. "ಬರೇ ಮಣ್ಣು."